ವೇಸ್ಟ್ ಕೆರೆಗೆ ಆ ಹೆಸರು ಬಂದ ಬಗೆ

ತೊರೆಪಾಳ್ಯದ ಕ್ರಾಸಿನಲ್ಲಿ ಬಸ್ಸಿಳಿದು ಬಲಕ್ಕೆ ನಡೆದರೆ ಜಾಲಿ ಬೆಳೆದ ಅಗಲವಾದ ತಗ್ಗೊಂದು ಸಿಗುತ್ತದೆ. ಅದರ ಏರಿ ಇಂದಿಗೂ ಗಟ್ಟಿಯಾಗಿದೆ, ತೂಬಿನ ಕಲ್ಲುಕಂಬಗಳು ನಿಂತೇ ಇವೆ, ನೀರು ಮಾತ್ರ ಇಲ್ಲ. ಏರಿಯ ಮೇಲಿನ ಹಸಿರು ಬೋರ್ಡಿನಲ್ಲಿ ‘ವೇಸ್ಟ್ ಕೆರೆ’ ಎಂದು ಬರೆದಿದೆ. ಅದನ್ನು ಓದಿದ ಪುಣ್ಯಾತ್ಮರು ಇದೇ ಅಪ್ಪಣೆಯೆಂದು ತಿಳಿದು ಕೋಳಿ ಅಂಗಡಿಯ ಪುಕ್ಕ, ಛತ್ರದ ಎಲೆ, ಹರಿದ ಹಾಸಿಗೆ ಎಲ್ಲವನ್ನೂ ತಂದು ಸುರಿಯುತ್ತಾರೆ. ತಡೆದು ಕೇಳಿದರೆ, “ಹೆಸರೇ ವೇಸ್ಟ್ ಅಲ್ವಾ ಮೇಷ್ಟ್ರೇ” ಎನ್ನುತ್ತಾರೆ. ಕಸದಿಂದ ಹೆಸರು ಬಂತೆಂದು ಅವರ ಎಣಿಕೆ. ಹೆಸರು ಬಂದದ್ದು ಮೊದಲು, ಕಸ ಬಂದದ್ದು ಎಷ್ಟೋ ಕಾಲದ ಮೇಲೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಗೋರ್ಕಲ್ಲ ಮೇಲೆ ಮಳೆಗರೆದಂತಾಯಿತು. ಕೇಳುವವರಿಲ್ಲದಿದ್ದರೆ ಓದುವವರಾದರೂ ಸಿಕ್ಕಾರೆಂದು ಈಗ ಬರೆಯುತ್ತಿದ್ದೇನೆ.

ಇಂಗ್ಲಿಷಿನ ಈ ಮಾತು ಈಗ ನಮ್ಮ ಅಡುಗೆಮನೆಯವರೆಗೂ ನುಗ್ಗಿದೆ. ತಟ್ಟೆಯಲ್ಲಿ ಉಳಿದ ಅನ್ನ ವೇಸ್ಟು, ಕೆಲಸ ಸಿಗದ ಹುಡುಗ ವೇಸ್ಟ್ ಬಾಡಿ, ನನ್ನಂಥವನ ಮಾತು ಕೇಳುವುದು ಟೈಮ್ ವೇಸ್ಟು. ಹಿಂದೆ ನಮಗೆ ಎಂಜಲು, ಮುಸುರೆ, ತೌಡು, ಹೊಟ್ಟು, ತಂಗಳು ಎಂದು ಬೇರೆ ಬೇರೆ ಮಾತುಗಳಿದ್ದವು. ಒಂದೊಂದಕ್ಕೂ ಒಂದೊಂದು ಬಾಯಿ ಕಾದಿರುತ್ತಿತ್ತು. ಮುಸುರೆ ಎಮ್ಮೆಗೆ, ಎಂಜಲು ನಾಯಿಗೆ, ಏನೂ ಆಗದ್ದು ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಎಲ್ಲವನ್ನೂ ಒಂದೇ ಮಾತಿನಲ್ಲಿ ಗಂಟುಕಟ್ಟಿ ಎಸೆಯುವ ಅಭ್ಯಾಸ ಈಚಿನದು. ಆ ಮಾತು ನಮ್ಮ ಸೀಮೆಗೆ ಬಂದದ್ದು ಕೆರೆಯ ಕೋಡಿಯ ದಾರಿಯಲ್ಲಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಮಹಾರಾಜರ ಆಳ್ವಿಕೆಯಲ್ಲಿ, ಮೇಲಿನ ತೊರೆಪಾಳ್ಯದಲ್ಲಿ ಅಕ್ಕನಕೆರೆ, ಕೆಳಗಿನ ತೊರೆಪಾಳ್ಯದಲ್ಲಿ ತಂಗಿಕೆರೆ ಎಂದು ಎರಡು ಕೆರೆಗಳಿದ್ದವು. ಈ ಜಾಲಿಯ ತಗ್ಗೇ ಆ ತಂಗಿಕೆರೆ. ಅದಕ್ಕೆ ಬೇರೆ ಹಳ್ಳದ ಆಸರೆಯಿರಲಿಲ್ಲ. ಅಕ್ಕನಕೆರೆ ತುಂಬಿ ಕೋಡಿ ಹರಿದರೆ ತಂಗಿಯ ಹೊಟ್ಟೆ ತುಂಬುತ್ತಿತ್ತು, ಕೆಳಗಿನವರ ಗದ್ದೆಯಲ್ಲಿ ನಾಟಿಯಾಗುತ್ತಿತ್ತು. ಕೋಡಿ ಬಿದ್ದ ದಿನ ಕೆಳಗಿನೂರಿನ ಹೆಂಗಸರು ಮೇಲಕ್ಕೆ ಹೋಗುವರು. ಮೇಲಿನೂರಿನವರು ಅವರಿಗೆ ಅರಿಶಿನ ಕುಂಕುಮವಿಟ್ಟು, ಅಕ್ಕಿ, ಕೊಬ್ಬರಿ, ಬಳೆಯಿಂದ ಉಡಿ ತುಂಬುವರು. ಆ ಉಡಿ ಹೊತ್ತು ಅವರು ಹರಿಯುವ ನೀರಿನ ಪಕ್ಕದಲ್ಲೇ, ಅದರ ಜೊತೆಗೇ, ನಡೆದು ಊರಿಗೆ ಬರುವರು. ಕೋಡಿಯ ನೀರನ್ನು ಅಕ್ಕ ತಂಗಿಗೆ ಕಳಿಸುವ ಮಡಿಲಕ್ಕಿ ಎಂದೇ ಕರೆಯುತ್ತಿದ್ದರು.

ಆ ಕಾಲದಲ್ಲಿ ಅಕ್ಕನಕೆರೆಯ ಏರಿ ರಿಪೇರಿಗೆಂದು ಸೇತುರಾಯರೆಂಬ ಓವರ್‌ಸಿಯರು ಬಂದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು, ಒಳ್ಳೆಯವರು ಮಾಡಿದ ಕೆಡುಕಿಗೆ ಯಾರನ್ನು ಬೈಯುವುದು? ಅವರ ವಿದ್ಯೆಯಲ್ಲಿ ಕೋಡಿಯ ಹೆಸರು ವೇಸ್ಟ್ ವೇರ್. ಅದರ ಮೇಲೆ ನೀರು ನೊರೆಯುಕ್ಕಿ ಹೋಗುವುದನ್ನು ಕಂಡು ಅವರಿಗೆ ನಿಜವಾಗಿಯೂ ಹೊಟ್ಟೆ ಉರಿಯಿತಂತೆ. ಇಷ್ಟು ನೀರು ವೇಸ್ಟಾಗುತ್ತಿದೆ, ಕೋಡಿಯನ್ನು ಎದೆಮಟ್ಟ ಎತ್ತರಿಸಿಬಿಡೋಣ ಎಂದರು. ಮೇಲಿನೂರಿನವರಿಗೆ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಬೇಸಿಗೆಯಲ್ಲಿ ಕಲ್ಲು ಇಳಿಯಿತು, ಗಾರೆ ಕಲಸಿದರು.

ಸುದ್ದಿ ಮುಟ್ಟಿದಾಗ ಕೆಳಗಿನೂರಿನಿಂದ ಓಬಳಕ್ಕ ಎಂಬ ಮುದುಕಿ ಬಂದಳು. ಅವಳ ತವರು ಮೇಲಿನೂರೇ. ಉಡಿ ತುಂಬಿಸಿಕೊಳ್ಳುವ ಹೆಂಗಸರ ಮುಂದೆ ಮೊದಲಿಂದಲೂ ಅವಳೇ ನಡೆಯುತ್ತಿದ್ದಳು. ಅವಳು ರಾಯರನ್ನು ಕೇಳಿದಳು, “ಅದೇನೋ ಯೇಸ್ಟು ಅಂತೀರಂತಲ್ಲ ಸ್ವಾಮಿ, ಹಂಗಂದ್ರೇನು?” ರಾಯರು ಯಾರ ಉಪಯೋಗಕ್ಕೂ ಬಾರದೆ ಹಾಳಾಗುವುದು ಎಂದರು. ಓದಿಕೊಂಡವರು, ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದು ಹಳೆಯ ಲ್ಯಾಟಿನ್ ಭಾಷೆಯಿಂದ ಇಳಿದು ಬಂದ ಮಾತು, ಮೂಲದಲ್ಲಿ ಜನವಿಲ್ಲದೆ ಬರಿದಾಗಿ ಬಿದ್ದ ನೆಲಕ್ಕೆ ಹಾಗೆನ್ನುತ್ತಿದ್ದರು ಎಂದೂ ವಿವರಿಸಿದರಂತೆ. ಕೋಡಿಯ ಮೇಲೆ ನಿಂತು ಯಾರಾದರೂ ಪಾಠ ಮಾಡುತ್ತಾರೆಯೇ ಎಂದು ನನಗೂ ಅನುಮಾನ. ಆದರೆ ಅರ್ಥ ಸರಿಯಾಗಿದೆ, ನಿಘಂಟಿನಲ್ಲಿ ನಾನೇ ನೋಡಿದ್ದೇನೆ.

ಓಬಳಕ್ಕ ಕಲ್ಲು ಹೊರುತ್ತಿದ್ದ ತನ್ನ ಅಣ್ಣನ ಕಡೆ ತಿರುಗಿ, “ನೀನಾರ ಯೋಳಣ್ಣ, ಈ ನೀರು ಯಾರ್ಗೂ ಬರಾಕಿಲ್ವಾ?” ಎಂದಳು. ಆತ ತಲೆಯ ಮೇಲಿನ ಕಲ್ಲನ್ನು ಇಳಿಸದೆ ಗೋಡೆಯತ್ತ ನಡೆದ. ನನಗೆ ಓವರ್‌ಸಿಯರನಿಗಿಂತ ಈ ಅಣ್ಣನ ಮೇಲೇ ಸಿಟ್ಟು. ಆಗ ಅವಳು ರಾಯರಿಗೆ, “ಬರಿದಾದ ನೆಲ ಅಂದ್ರಲ್ಲ ಸ್ವಾಮಿ, ಅದು ಇಲ್ಲಿಲ್ಲ. ನೀವು ಈ ಗ್ವಾಡೆ ಕಟ್ಟಿದ್ ಮ್ಯಾಕೆ ನಮ್ಮೂರಲ್ಲಿ ಆಯ್ತದೆ. ಆ ಹೆಸ್ರು ನಮ್ಗೇ ಕೊಟ್ಬಿಡಿ. ಕೋಡಿ ನೀರು ಬಂದ್ ದಿನ ವಾಪಸ್ ಕೊಡ್ತೀವಿ” ಎಂದಳಂತೆ. ಅಂದಿನಿಂದ ಕೆಳಗಿನವರು ಹಟಕ್ಕೆ ಬಿದ್ದು ತಮ್ಮ ಕೆರೆಯನ್ನು ವೇಸ್ಟ್ ಕೆರೆ ಎಂದೇ ಕರೆದರು. ಕೇಳಿದವರು ಯಾಕೆ ಎನ್ನಲಿ, ನಾಚಿಕೊಳ್ಳಲಿ, ಗೋಡೆ ಇಳಿಸಲಿ ಎಂಬುದು ಅವರ ಆಸೆ. ಯಾರೂ ಯಾಕೆ ಎನ್ನಲಿಲ್ಲ. ಗದ್ದೆ ಹೋಗಿ ಹುರುಳಿ ಬಂತು, ಹುರುಳಿ ಹೋಗಿ ಜಾಲಿ ಬಂತು. ಬೈಗುಳವಾಗಿ ಇಟ್ಟದ್ದು ಬರಬರುತ್ತಾ ವಿಳಾಸವಾಯಿತು. ತಂಗಿಕೆರೆ ಎಂದು ಬೋರ್ಡು ತಿದ್ದಿಸಿ ಎಂದು ಪಂಚಾಯಿತಿಗೆ ಅಲೆದಲೆದು ನನ್ನ ಚಪ್ಪಲಿ ಸವೆಯಿತು. ನೀರೇ ಇಲ್ಲದ ಕೆರೆಗೆ ಯಾವ ಹೆಸರಾದರೇನು ಎನ್ನುತ್ತಾರೆ.

ಇಷ್ಟಾದರೂ ಒಂದು ಪದ್ಧತಿ ಉಳಿದಿದೆ. ಅಕ್ಕನಕೆರೆಯಲ್ಲಿ ಇಂದಿಗೂ ಹಳೆಯ ಕೋಡಿಯ ಕರಿಕಲ್ಲಿನ ಸಾಲು, ಅದರ ಮೇಲೆ ರಾಯರ ಗೋಡೆ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ನೀರು ಆ ಕರಿಕಲ್ಲು ಮುಳುಗುವಷ್ಟು ಬಂದ ದಿನ, ಅಂದರೆ ಗೋಡೆಯಿಲ್ಲದಿದ್ದರೆ ಕೋಡಿ ಬೀಳುತ್ತಿದ್ದ ದಿನ, ಕೆಳಗಿನೂರಿನ ಹೆಂಗಸರು ಬರುತ್ತಾರೆ. ಈಗ ಉಡಿ ತುಂಬುವವರಿಲ್ಲ. ತಾವೇ ಕೊಡದಲ್ಲಿ ನೀರೆತ್ತಿ ಗೋಡೆಯ ಆಚೆ, ಒಣಗಿದ ಹಳ್ಳಕ್ಕೆ ಸುರಿಯುತ್ತಾರೆ. ಅದು ಮರಳಿನಲ್ಲಿ ನಾಲ್ಕು ಮಾರು ಹರಿದು ಇಂಗುತ್ತದೆ. ಹೋದ ವರ್ಷ ಹಾಗೆ ಸುರಿಯುತ್ತಿದ್ದಾಗ ನಾನೂ ಏರಿಯ ಮೇಲೆ ಕೂತಿದ್ದೆ. ಕೆರೆ ನೋಡಲು ಕಾರಿನಲ್ಲಿ ಬಂದಿದ್ದ ಒಬ್ಬ ಗೋಡೆಯ ಮೇಲೆ ಕೂತು ಫೋಟೋ ತೆಗೆದುಕೊಂಡ. ಆಮೇಲೆ ನಿಜವಾದ ಮರುಕದಿಂದಲೇ, “ಯಾಕಮ್ಮ ಸುಮ್ನೆ ನೀರು ವೇಸ್ಟ್ ಮಾಡ್ತೀರಾ?” ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಇಡೀ ಕಥೆಯನ್ನು ಅವನ ತಲೆಗೆ ತುಂಬಬೇಕೆಂದು ಎದ್ದೆ. ಅಷ್ಟರಲ್ಲಿ ಮುಂದಿದ್ದ ಮುದುಕಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಅವನ ಹತ್ತಿರ ಬಂದು, “ಒಸಿ ಜರುಗಪ್ಪ, ತಂಗಿ ಕಾಯ್ತಾ ಅವ್ಳೆ” ಎಂದಳು.