ದಾರ ಕಡಿದುಕೊಂಡ ಗರಿ

ಮೀನುಗಾರ ಬೂದ ಮರಕಾಲ ತನ್ನ ದೋಣಿಯ ಕಂಬಕ್ಕೆ ಗರಿಯೊಂದನ್ನು ದಾರದಲ್ಲಿ ಇಳಿಬಿಟ್ಟಿದ್ದ. ಅದರ ಭಾರ ಕೆಳಗೆಳೆಯುತ್ತಿತ್ತು, ಗಾಳಿ ಪಕ್ಕಕ್ಕೆ ತಳ್ಳುತ್ತಿತ್ತು. ದಾರ ಎಷ್ಟು ವಾಲಿತೆಂದು ನೋಡಿಯೇ ಬೂದ ಗಾಳಿಯ ವೇಗ ಹೇಳುತ್ತಿದ್ದ. ಗರಿಗೋ ಹಗಲೂ ರಾತ್ರಿ ಗಾಳಿಯದೇ ಹಂಬಲ.

"ಬರೀ ತಳ್ಳಿ ಹೋಗುತ್ತೀಯಲ್ಲ, ನನ್ನನ್ನೂ ಕರೆದುಕೊಂಡು ಹೋಗಬಾರದೆ?"

"ತಳ್ಳುವಾಗ ನನ್ನ ಓಟದಲ್ಲೊಂದು ಪಾಲು ನಿನಗೇ ಕೊಟ್ಟು ಹೋಗುತ್ತೇನೆ. ಸಾಲದೆ?" ಎಂದಿತು ಗಾಳಿ.

"ಸಾಲದು."

ಒಂದು ಸಂಜೆ ಗಾಳಿ ಜೋರಾಗಿ ಬೀಸಿತು, ದಾರ ಕಡಿದುಹೋಯಿತು. ಗರಿ ಗಾಳಿಯಷ್ಟೇ ವೇಗವಾಗಿ ಹಾರಿತು. ಆದರೆ ಮೈಗೆ ಏನೂ ತಾಕಲಿಲ್ಲ, ಒಂದೆಳೆಯೂ ಅಲುಗಲಿಲ್ಲ.

"ಗಾಳಿಯೇ, ನನ್ನನ್ನು ಬಿಟ್ಟು ಎಲ್ಲಿಗೆ ಹೋದೆ?"

"ಎಲ್ಲಿಗೂ ಹೋಗಿಲ್ಲ, ನಿನ್ನ ಜೊತೆಗೇ ಇದ್ದೇನೆ. ಜೊತೆಗೇ ಓಡುವವರನ್ನು ತಳ್ಳುವುದು ಹೇಗೆ?"

ಗರಿ ಹಿಂತಿರುಗಿ ನೋಡಿತು. ಕಂಬದಲ್ಲಿ ಉಳಿದಿದ್ದ ತುಂಡು ದಾರ ಇನ್ನೂ ಗಾಳಿಗೆ ವಾಲುತ್ತಿತ್ತು.