ನಡುಗಡ್ಡೆಯ ದೊಡ್ಡಿ

“ಗುರುಗಳೇ, ನಡೆಯದೆ ಉಳಿದ ಯುದ್ಧವನ್ನು ಯಾರು ನೆನೆಯುತ್ತಾರೆ?” ಎಂದು ಶಿಷ್ಯ ಕೇಳಿದ.

ಬೊಮ್ಮರಸ ಅವನ ಹೆಸರು. ಎರಡು ರಾಜ್ಯಗಳ ನಡುವೆ ಸಂಧಾನದ ಓಲೆ ಹೊತ್ತು ಏಳು ವರ್ಷ ಅಲೆದವನು. ಇಲ್ಲಿಗೆ ಹೋದರೆ ‘ಮೊದಲು ಅವರು ಬರಲಿ’, ಅಲ್ಲಿಗೆ ಹೋದರೆ ‘ಮೊದಲು ಇವರು ಬಗ್ಗಲಿ’. ಕೇಳಿ ಕೇಳಿ ಅವನಿಗೆ ಸಾಕಾಗಿ ಹೋಗಿತ್ತು. ನಾಳೆ ಮತ್ತೆ ಹೊರಡಬೇಕು.

“ನನ್ನಿಂದ ಇನ್ನಾಗದು. ಮಠದ ಅಂಗಳ ಗುಡಿಸಿಕೊಂಡು ಇದ್ದುಬಿಡುತ್ತೇನೆ. ಅಪ್ಪಣೆ ಕೊಡಿ” ಎಂದ.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೈಯಲೂ ಇಲ್ಲ. ಒಂದು ಕತೆ ಹೇಳಿದರು.

ಎರಡು ರಾಜ್ಯಗಳ ನಡುವೆ ಒಂದು ಹೊಳೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದರೆ ಈಚೆಯ ದನ ಆಚೆಗೆ, ಆಚೆಯ ದನ ಈಚೆಗೆ ನುಗ್ಗುತ್ತಿದ್ದವು. ದನಕ್ಕೇನು ಗೊತ್ತು ಗಡಿ? ಗೊತ್ತಿದ್ದ ಮನುಷ್ಯರು ಬಡಿಗೆ ಹಿಡಿಯುತ್ತಿದ್ದರು. ಹಿಂದೊಮ್ಮೆ ಒಂದು ಎಮ್ಮೆಯ ಸಲುವಾಗಿ ಎರಡೂ ಕಡೆ ಊರುಗಳು ಉರಿದಿದ್ದವು. ಆಮೇಲೆ ಬುದ್ಧಿ ಬಂದು, ಇಬ್ಬರು ರಾಜರೂ ಸೇರಿ ಹೊಳೆಯ ನಡುಗಡ್ಡೆಯಲ್ಲಿ ಒಂದು ದೊಡ್ಡಿ ಕಟ್ಟಿಸಿ, ಅದಕ್ಕೊಬ್ಬ ಗೋವಳನನ್ನು ಇಟ್ಟರು.

ಬೆಳೆ ಮೇಯ್ದ ದನ ಮೂರು ದಿನ ಆ ದೊಡ್ಡಿಯಲ್ಲಿರಬೇಕು. ನಾಲ್ಕನೆಯ ದಿನ ದನದವನೂ ಬೆಳೆಯವನೂ ಇಬ್ಬರೂ ಬರಬೇಕು. ಬೆಳೆ ಕಳೆದುಕೊಂಡವನೇ ಹಗ್ಗ ಬಿಚ್ಚಿ ದನದ ಒಡೆಯನ ಕೈಗೆ ಕೊಡಬೇಕು. ಇದು ಕಟ್ಟಳೆ. ಮೂರು ದಿನದಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಉಳಿದರ್ಧವನ್ನು ಗೋವಳ ಮಜ್ಜಿಗೆ ಕೊಟ್ಟು, ಬೈಗುಳ ತಾನು ತಿಂದು ಇಳಿಸುತ್ತಿದ್ದ. ದೊಡ್ಡಿಯ ದನಕ್ಕೆ ತಿಂಗಳಿಗೆ ಆಚೆಯಿಂದ ಒಂದು ಗಾಡಿ ಹುಲ್ಲು, ಈಚೆಯಿಂದ ಒಂದು ಗಾಡಿ ಬರುತ್ತಿತ್ತು.

ಇಪ್ಪತ್ತು ವರ್ಷ ಒಂದು ತಲೆಯೂ ಒಡೆಯಲಿಲ್ಲ. ಅದೇ ತಪ್ಪಾಯಿತು. ‘ಜಗಳವೇ ಇಲ್ಲವಲ್ಲ, ದೊಡ್ಡಿಗೆ ಹುಲ್ಲೇಕೆ?’ ಎಂದ ಒಬ್ಬ ಮಂತ್ರಿ. ‘ಅವರೇ ಕೊಡದ ಮೇಲೆ ನಾವೇಕೆ?’ ಎಂದ ಇನ್ನೊಬ್ಬ. ಹುಲ್ಲು ನಿಂತಿತು. ಅದೇ ವರ್ಷ ಎರಡೂ ರಾಜ್ಯದವರು ಸೇರಿ ಶಾಂತಿಯ ಉತ್ಸವ ಮಾಡಿ ಆನೆಗಳಿಗೆ ಕಬ್ಬು ತಿನ್ನಿಸಿದರು.

ಗೋವಳ ಎರಡು ಅರಮನೆಗೂ ಅಲೆದ. ಗೋಡೆಗೆ ಹೇಳಿದ ಹಾಗಾಯಿತು. ಒಂದು ಬೇಸಿಗೆ ಹೆಂಡತಿಯೊಡನೆ ತಾನೇ ಹುಲ್ಲು ಕೊಯ್ದು ಹೊತ್ತ. ಎರಡನೆಯ ಬೇಸಿಗೆಗೆ ಬೆನ್ನು ಬಗ್ಗಿತು. ಇಬ್ಬರು ರಾಜರು ಹೊರಬೇಕಾದ ಹೊರೆ ಒಬ್ಬನ ಮೇಲೆ ಬಿದ್ದರೆ ಇನ್ನೇನಾದೀತು, ಪಾಪ! ಮೂರನೆಯ ಬೇಸಿಗೆ ಹುಟ್ಟುವ ಮೊದಲೇ ದೊಡ್ಡಿಯ ಬಾಗಿಲು ತೆರೆದಿಟ್ಟು ಹೊರಟುಹೋದ.

ಹದಿನೈದು ದಿನ ಕಳೆದಿರಲಿಲ್ಲ. ಈಚೆಯ ಒಂದು ಹೋರಿ ಹೊಳೆ ದಾಟಿ ಆಚೆ ದಂಡೆಯ ಸೌತೆಪಾತಿಗೆ ನುಗ್ಗಿತು. ಕಟ್ಟಲು ದೊಡ್ಡಿಯಿಲ್ಲ, ಸಿಟ್ಟು ಇಳಿಯಲು ಮೂರು ದಿನವಿಲ್ಲ. ಪಾತಿಯವನು ಹೋರಿಯ ಕಾಲು ಮುರಿದ. ಹೋರಿಯವನು ಪಾತಿಯವನ ಕಾಲು ಮುರಿದ. ಸಂಜೆಯ ಹೊತ್ತಿಗೆ ಮೂರು ಹೆಣ ಬಿದ್ದವು. ತಿಂಗಳು ತುಂಬುವಷ್ಟರಲ್ಲಿ ಎರಡು ದಂಡು ಎದುರುಬದುರು ನಿಂತವು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಯುದ್ಧ ಮುಗಿದ ಮೇಲೆ ಇಬ್ಬರು ರಾಜರೂ ನಡುಗಡ್ಡೆಗೆ ಗಾಡಿಗಟ್ಟಲೆ ಹುಲ್ಲು ಕಳಿಸಿದರು. ತಿನ್ನಲು ಎರಡು ದಂಡೆಯಲ್ಲೂ ದನ ಉಳಿದಿರಲಿಲ್ಲ.

ಕತೆ ಮುಗಿಯಿತು. ಬೊಮ್ಮರಸನಿಗೆ ತಡೆಯಲಾಗದಷ್ಟು ಸಂಕಟವಾಯಿತು. ರಾಜರ ಮೇಲೆ ಬರಬೇಕಾದ ಸಿಟ್ಟು, ಯಾಕೋ, ಆ ಗೋವಳನ ಮೇಲೆ ಬಂತು.

“ಇನ್ನೊಂದು ಬೇಸಿಗೆ ತಡೆದುಕೊಳ್ಳಬಾರದಿತ್ತೇ ಅವನು? ಸ್ವಲ್ಪ ತಾಳು ಎಂದು ಹೇಳುವ ಒಬ್ಬ ಹಿರಿಯನೂ ಅವನಿಗೆ ಇರಲಿಲ್ಲವೇ, ಗುರುಗಳೇ?”

ಗುರುಗಳು ಹೇಳಿದರು: “ಇದ್ದ, ಅವನ ದಣಿವು ನೋಡಲಾರದೆ ‘ಬಿಟ್ಟು ಬಾ ಮಗನೇ’ ಎಂದು ಅಪ್ಪಣೆ ಕೊಟ್ಟವನು ನಾನೇ.”