ಎಣಗಾಯಿ ಬಡಿಸಿದ ಮಧ್ಯಾಹ್ನ

ಬೂದಿಹಾಳದ ಮಠದಲ್ಲಿ ಪರಮಪೂಜ್ಯ ಕಾಡಯ್ಯಜ್ಜನವರಿಗೆ ಗದ್ದುಗೆಗಿಂತ ಅಡುಗೆಮನೆಯ ಕಟ್ಟೆಯೇ ಪ್ರಿಯವಾಗಿತ್ತು. ಬೆಳಗಿನ ಪೂಜೆ ಮುಗಿಸಿ, ಗೋಣಿತಟ್ಟಿನ ಮೇಲೆ ಕುಳಿತು ಕಾಯಿಪಲ್ಯ ಹೆಚ್ಚುತ್ತ, ಬಂದವರ ಕಷ್ಟಸುಖ ಕೇಳುತ್ತಿದ್ದರು. ದಾಸೋಹದ ಅಡುಗೆ ನನ್ನ ಪಾಲಿನ ಸೇವೆಯಾದ್ದರಿಂದ ಅವೆಲ್ಲ ನನ್ನ ಕಿವಿಗೂ ಬೀಳುತ್ತಿದ್ದವು. ಅಜ್ಜನವರದು ಭೂಮಿತೂಕದ ತಾಳ್ಮೆ. ನನಗೆ ಅದು ಎಳ್ಳಷ್ಟೂ ಇಲ್ಲ.

ಎಣ್ಣೆ ಗಿರಣಿಯ ವ್ಯವಹಾರ ನೋಡುವ ದಿವಾನಜಿ ಗದಿಗೆಪ್ಪನಂತೂ ಆ ವಾರವಿಡೀ ಬಂದು ನನ್ನ ತಲೆ ತಿಂದುಹಾಕಿದ್ದ. ಗಿರಣಿಯ ಒಡೆಯರಾದ ಅಂದಾನೆಪ್ಪ ಸಾಹುಕಾರರು ಮಳೆಗೆ ನೆನೆದ ಶೇಂಗಾ ಎಂದು ತಿಳಿಯದೆ ಕೊಂಡು ಎಣ್ಣೆ ತೆಗೆಸಿದ್ದರು. ಎಣ್ಣೆ ಕಮಟು ಹೊಡೆಯುತ್ತಿತ್ತು. ಅಮಾವಾಸ್ಯೆಯ ಮರುದಿನ ಅದು ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹೋಗುವುದಿತ್ತು. ಸಾಹುಕಾರರಿಗೆ ಹೇಳಬೇಕಾದವನು ಇವನೇ. ಹೇಳಿದ್ದನೇ?

“ಹೇಳೀನ್ರಿ ಅಜ್ಜಾರ. ಈ ಸಲ ಎಣ್ಣಿ ಬಣ್ಣ ಸ್ವಲ್ಪ ಬ್ಯಾರೆ ಬಂದಂಗ ಕಾಣತೈತಿ ಅಂತ ಅಂದೀನ್ರಿ.”

ಶಿವಶಿವಾ! ನಾರುವ ಎಣ್ಣೆಗೆ ಬಣ್ಣದ ಸುದ್ದಿ!

“ಧಂದೆದಾಗ ನಯವಾಗಿ ಇರಬೇಕಲ್ರಿ. ಖಡಾಖಡಿ ಅಂದ್ರ ಸಾವ್ಕಾರ್ರ ಮನಸು ಮುರೀತೈತಿ. ಆದ್ರ ಉಣ್ಣಾವ್ರು ಸಣ್ಣ ಕೂಸುಗಳು. ನಾ ಏನು ಮಾಡ್ಲ್ರಿ?”

ಅಜ್ಜನವರು ಬದನೆಕಾಯಿ ಸೀಳುತ್ತಲೇ ಇದ್ದರು. ನನಗೋ ಕೈಯಲ್ಲಿದ್ದ ಸೌಟನ್ನು ಅವನ ನೆತ್ತಿಯ ಮೇಲೆ ಇಳಿಸಿಬಿಡಬೇಕು ಅನ್ನಿಸಿತು. ಉಗುಳಲೂ ಆರ, ನುಂಗಲೂ ಆರ, ಇಂಥವನಿಗೆ ಏನು ಹೇಳುವುದು?

ಹೊಸದಾಗಿ ಎಣ್ಣೆ ತೆಗೆದಾಗಲೆಲ್ಲ ಮೊದಲ ಡಬ್ಬಿ ಮಠಕ್ಕೆ ಒಪ್ಪಿಸುವುದು ಸಾಹುಕಾರರ ಮನೆತನದ ಪದ್ಧತಿ. ಈ ಸಲದ ಡಬ್ಬಿಯೂ ಬಂದಿತ್ತು. ಅಜ್ಜನವರು ನನ್ನನ್ನು ಕರೆದು, “ಈ ಎಣ್ಣೀಲೆ ಮೂರು ಮಂದಿಗೆ ಬದನಿಕಾಯಿ ಎಣಗಾಯಿ ಮಾಡು. ಉಳಿದವರಿಗೆಲ್ಲ ನಮ್ಮ ಹಿಂದಿನ ಎಣ್ಣಿ” ಎಂದರು. ಆ ಮೂವರು ಯಾರೆಂಬುದು ಮಧ್ಯಾಹ್ನ ಅಮಾವಾಸ್ಯೆಯ ಪಂಕ್ತಿ ಕೂತಾಗ ತಿಳಿಯಿತು. ಅಜ್ಜನವರು ಸಾಹುಕಾರರನ್ನು ತಮ್ಮ ಬಲಕ್ಕೆ ಕೂಡಿಸಿಕೊಂಡರು. ಅವರ ಮಗ್ಗುಲಿಗೆ ಗದಿಗೆಪ್ಪ.

ನಮ್ಮ ಮಠದಲ್ಲಿ ಪ್ರಸಾದಕ್ಕೆ ಕೊಂಕು ತೆಗೆಯುವಂತಿಲ್ಲ, ಎಲೆಯಲ್ಲಿ ಒಂದಗುಳು ಬಿಡುವಂತೆಯೂ ಇಲ್ಲ. ಗದಿಗೆಪ್ಪ ಮೊದಲ ತುತ್ತಿಗೇ ಮುಖ ಕಿವುಚಿದ. ಹೇಗೋ ನೀರು ಕುಡಿದು ಇಳಿಸಿದ.

“ಎಣಗಾಯಿ ಹೆಂಗಾಗೇತಿ ಗದಿಗೆಪ್ಪಾ?” ಎಂದು ಅಜ್ಜನವರು ಕೇಳಿದರು.

“ಭಾಳ ಚಲೋ ಆಗೇತ್ರಿ.”

“ಚಲೋ ಆಗೇತಂತ. ಬಡಿಸು.”

ಬಡಿಸಿದೆ. ಪಾಪ, ಕಣ್ಣು ಮುಚ್ಚಿ ತಿಂದ. ಅಜ್ಜನವರು ಮತ್ತೆ ಕೇಳಿದರು.

“ಅಮೃತ ಆಗೇತ್ರಿ,” ಎಂದ ಪುಣ್ಯಾತ್ಮ.

“ಅಮೃತ ಅಂತ. ಇನ್ನೆರಡು ಹಾಕು.”

ಅಜ್ಜನವರು ತಮ್ಮ ಎಲೆಯಲ್ಲಿದ್ದ ಅದೇ ಎಣಗಾಯಿಯನ್ನು ನಿಶ್ಚಿಂತೆಯಿಂದ ಉಣ್ಣುತ್ತಿದ್ದರು. ಸಾಹುಕಾರರೂ ರೊಟ್ಟಿ ಮುರಿದು ಮುರಿದು ಉಣ್ಣುತ್ತಿದ್ದರು. ನಾನು ಸೌಟು ಎತ್ತಿದ್ದೇ ತಡ, ಗದಿಗೆಪ್ಪ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡು ಒದರಿದ.

“ಸಾಕ್ರಿ ಅಜ್ಜಾರ! ಎಣ್ಣಿ ಕೆಟ್ಟೈತ್ರಿ!”

ಪಂಕ್ತಿಯೆಲ್ಲ ಅವನತ್ತ ತಿರುಗಿತು. ಅವನಿಗೆ ಅಳುವೇ ಬಂತು. “ತಪ್ಪಾತ್ರಿ, ಪ್ರಸಾದಕ್ಕ ಕೊಂಕು ತಗದ್ನಿ.”

ಅಜ್ಜನವರು ಕೈಯಲ್ಲಿದ್ದ ತುತ್ತನ್ನು ಬಾಯಿಗಿಟ್ಟು ನುಂಗಿ, ಮೆಲ್ಲಗೆ ಹೇಳಿದರು: “ಪ್ರಸಾದ ನಾವು ಉಣ್ತೀವಿ. ಕೂಸುಗಳಿಗೆ ಹೋಗೂದು ಎಣ್ಣಿ. ನನಗ್ಯಾಕ ಹೇಳ್ತಿ? ಮಗ್ಗಲದಾಗ ಕುಂತವರಿಗೆ ಹೇಳು.”

ಗದಿಗೆಪ್ಪ ಹೊರಳಿದ. ಕಣ್ಣೊರೆಸಿಕೊಂಡು ಹೇಳಿದ: “ಸಾವ್ಕಾರ್ರ, ಶೇಂಗಾ ನೆಂದಿದ್ದವು. ಎಣ್ಣಿ ಕಮಟು ಹೊಡೀತೈತಿ. ಹಾಸ್ಟೆಲ್ಲಿಗೆ ಕಳಸೂದು ಬ್ಯಾಡ್ರಿ.”

ಸಾಹುಕಾರರ ಮುಖ ಕೆಂಪೇರಿತು. ಇವನ ಅನ್ನಕ್ಕೆ ಕಲ್ಲು ಬಿತ್ತೆಂದೇ ಎಲ್ಲರೂ ತಿಳಿದೆವು.

“ನಶ್ಯ ಏರಿಸಿ ಏರಿಸಿ ನನ್ನ ಮೂಗು ಸತ್ತು ಯಾವ ಕಾಲ ಆತು! ನಿನ್ನ ಮೂಗು ನಂಬಿ ಗಿರಣಿ ನಡಸಾಕತ್ತೀನೋ ಮಾರಾಯಾ! ಬಣ್ಣ ಬ್ಯಾರೆ ಬಂದೈತಿ ಅಂದ್ರ ನನಗೇನು ತಿಳೀಬೇಕು?” ಎಂದು ಗುಡುಗಿದರು. ಆಮೇಲೆ ದನಿ ಬಿದ್ದುಹೋಯಿತು. “ನಾಳೆ ಆ ಕೂಸುಗಳು ಇದನ್ನ ಉಣ್ಣತಿದ್ದವಲ್ಲೋ…”

ಗದಿಗೆಪ್ಪ ತಲೆ ತಗ್ಗಿಸಿದ. ಸಾಹುಕಾರರ ಮನಸ್ಸು ನೋಯಬಾರದೆಂಬ ನೆಪದಲ್ಲಿ ಅವನು ಕಾಯ್ದುಕೊಂಡು ಬಂದದ್ದು ತನ್ನ ಅಂಜಿಕೆಯನ್ನಷ್ಟೇ ಎಂಬುದು ಅವನಿಗೆ ಆಗ ತಿಳಿಯಿತೆಂದು ತೋರುತ್ತದೆ. ಎದ್ದು ಅಜ್ಜನವರ ಪಾದಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ. ಮಹಾನುಭಾವರು ಬೇರೇನೂ ಉಪದೇಶಿಸದೆ, ತಮ್ಮ ಎಲೆಯನ್ನು ಒರೆಸಿದಂತೆ ಉಂಡು ಮೇಲೆದ್ದರು.

ಹಾಸ್ಟೆಲ್ಲಿಗೆ ಬೇರೆ ಎಣ್ಣೆ ಹೋಯಿತು. ಕೆಟ್ಟದ್ದು ಸಾಬೂನು ಮಾಡುವವರ ಪಾಲಾಯಿತು.

ಮುಂದಿನ ಅಮಾವಾಸ್ಯೆಗೆ ಗದಿಗೆಪ್ಪ ಮತ್ತೆ ಬಂದ. ಉಂಡು, ಕೈ ತೊಳೆದು, ನೆಟ್ಟಗೆ ಅಡುಗೆಮನೆಗೆ ನುಗ್ಗಿ, ನನ್ನ ಮುಖ ನೋಡಿಯೇ ಹೇಳಿದ: “ಅಣ್ಣಾರ, ಸಾರಿಗೆ ಉಪ್ಪು ಹೆಚ್ಚಾಗೇತ್ರಿ.”

ಮೈಯೆಲ್ಲ ಉರಿದುಹೋಯಿತು. ಅವನು ಅತ್ತ ಹೋದ ಮೇಲೆ ಒಂದು ಸೌಟು ಕುಡಿದು ನೋಡಿದೆ. ಹೆಚ್ಚಾಗಿತ್ತು.